ಕುರ್ಚಿಗೆ ಬೋರ್ಡು ಕಟ್ಟಿದವನು

ನನ್ನ ಹೆಸರು ನಿಕಾನೋರ್ ಅರಿಯೋಲಾ. ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಶಿಕಾಗೋದ ನೈಋತ್ಯಕ್ಕೆ, ನಮ್ಮ ಏರಿಯಾಕ್ಕೆ ಬಂದು ಯಾರನ್ನಾದರೂ ನಿಲ್ಲಿಸಿ ಕೇಳಿ: ಮಂಡಿ ಮುಳುಗುವ ಹಿಮದಲ್ಲಿ, ಮೂಗಿನೊಳಗಿನ ಕೂದಲೂ ಗಡ್ಡೆ ಕಟ್ಟುವ ಚಳಿಯಲ್ಲಿ, ಸ್ವಂತ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಆರ್ಚರ್ ರಸ್ತೆಯವರೆಗೆ ನಡೆದು ಡಯಾಲಿಸಿಸ್ ವ್ಯಾನ್ ಹತ್ತಿಸಿದ ಗಂಡು ಯಾರು? ನಾನು. ಒಬ್ಬನೇ. ಸಿನಿಮಾದಲ್ಲಾಗಿದ್ದರೆ ಈ ಸೀನಿಗೆ ಒಂದು ಹಾಲ್ ತುಂಬಾ ಪಿಟೀಲು ಕೂರಿಸುತ್ತಿದ್ದರು. ನನಗೆ ನನ್ನ ಹಲ್ಲಿನ ಕಟಕಟವೇ ತಾಳ.

ಚಪ್ಪಾಳೆ ಆಮೇಲೆ ಹೊಡೆಯಿರಿ. ಮೊದಲು ನನ್ನ ಸಿಟ್ಟು ಕೇಳಿ. ಆ ದಿನದಿಂದ ತಲೆಯೊಳಗೆ ಕುಕ್ಕರು ಕೂಗುತ್ತಲೇ ಇದೆ, ಇಳಿಸುವವರು ಯಾರೂ ಇಲ್ಲ.

ಹಿಮ ಬಿದ್ದಾಗ ನಮ್ಮಲ್ಲೊಂದು ಕಾನೂನಿದೆ. ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಬರೆದಿಟ್ಟ ಕಾನೂನಿಗಿಂತ ಜಾಸ್ತಿ ಮರ್ಯಾದೆ ಅದಕ್ಕಿದೆ. ಮನೆ ಮುಂದೆ ಹೂತುಹೋದ ಕಾರನ್ನು ಸಲಿಕೆ ಹಿಡಿದು ಅಗೆದು ತೆಗೆದವನಿಗೆ ಆ ಜಾಗ ಸೇರಿದ್ದು. ಕಾರು ತೆಗೆದುಕೊಂಡು ಕೆಲಸಕ್ಕೆ ಹೋಗುವಾಗ ಅಲ್ಲೊಂದು ಹಳೇ ಕುರ್ಚಿ ಇಟ್ಟು ಹೋದರೆ ಮುಗಿಯಿತು. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದ ಹಾಗೆ. ಇದಕ್ಕೆ ಡಿಬ್ಸ್ ಎನ್ನುತ್ತಾರೆ. ಕುರ್ಚಿಯೇ ಆಗಬೇಕೆಂದಿಲ್ಲ. ಇಸ್ತ್ರಿ ಮೇಜು ಇಡುತ್ತಾರೆ, ಮುರಿದ ತೊಟ್ಟಿಲು ಇಡುತ್ತಾರೆ, ಹಿಂದಿನ ಬೀದಿಯ ಒಬ್ಬಳು ಕ್ರಿಸ್‌ಮಸ್ ಗೋದಲಿಯಿಂದ ಪ್ಲಾಸ್ಟಿಕ್ ಜೋಸೆಫನನ್ನೇ ತಂದು ಕಾವಲಿಗೆ ನಿಲ್ಲಿಸಿದ್ದಳು. ಯಾರೂ ಮುಟ್ಟುವುದಿಲ್ಲ. ಕುರ್ಚಿ ಇಟ್ಟವನು ಯಾವ ಚರ್ಚಿನವನು, ಮನೆಯಲ್ಲಿ ಯಾವ ಭಾಷೆಯಲ್ಲಿ ಬೈಯುತ್ತಾನೆ, ಯಾರಿಗೆ ವೋಟು ಒತ್ತುತ್ತಾನೆ ಎಂದು ಯಾರೂ ವಿಚಾರಿಸುವುದಿಲ್ಲ. ಬೆವರು ನೋಡುತ್ತಾರೆ, ಅಷ್ಟೇ.

ನನ್ನ ಅಜ್ಜಿ ದೊನ್ಯಾ ಎವುಲಾಲಿಯಾಗೆ, ಅಂದರೆ ನನ್ನ ಅಬುಗೆ, ಮೂತ್ರಪಿಂಡ ಎರಡೂ ಕೈಕೊಟ್ಟಿವೆ. ದಿನ ಬಿಟ್ಟು ದಿನ ಯಂತ್ರಕ್ಕೆ ಸೇರಿಸಿ ರಕ್ತ ತೊಳೆಸಬೇಕು. ಒಂದು ಸಲ ತಪ್ಪಿದರೆ ಕಾಲು ಹಲಸಿನಕಾಯಿಯಂತೆ ಊದಿ, ಉಸಿರು ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಮಂಡಿಯೂ ಸವೆದಿದೆ. ಬಾಗಿಲ ಮುಂದೆ ಕಾರು ನಿಂತಿದ್ದರೆ ಹತ್ತುತ್ತಾಳೆ. ಬೀದಿಯ ಕೊನೆಯಲ್ಲಿ ನಿಂತಿದ್ದರೆ ಆ ಮಂಜುಗಡ್ಡೆಯ ಮೇಲೆ ನಡೆದು ಹೋಗುವುದು ಅವಳಿಂದಾಗದ ಮಾತು. ಹಾಗಾಗಿ ಮನೆ ಮುಂದಿನ ಆ ಜಾಗ ನಮಗೆ ಬರೀ ಪಾರ್ಕಿಂಗ್ ಅಲ್ಲ. ಅವಳ ರಕ್ತ ಶುದ್ಧವಾಗುವ ದಾರಿ.

ಹೋದ ಚಳಿಗಾಲದವರೆಗೆ ಅಗೆಯುತ್ತಿದ್ದದ್ದು ತಾತ. ಈ ಸಲ ತಾತ ಇಲ್ಲ. ಫೆಬ್ರವರಿಯ ದೊಡ್ಡ ಹಿಮ ಬಿದ್ದ ಮರುದಿನ ಬೆಳಿಗ್ಗೆ ಅಬು ನನ್ನ ಹೊದಿಕೆ ಎಳೆದು ಸಲಿಕೆಯನ್ನು ಹಾಸಿಗೆ ಮೇಲೇ ಹಾಕಿದಳು. ಹೊಸ ಸೊಸೆಯನ್ನು ಮನೆ ತುಂಬಿಸಿದ ಹಾಗೆ.

ನಾನು ಹೊರಬಿದ್ದಾಗ ಎದುರುಮನೆಯ ಬೊಗ್ದಾನ್ ಆಗಲೇ ಅರ್ಧ ಬೀದಿ ಅಗೆದಂತೆ ಬೆವರುತ್ತಿದ್ದ. ಪೋಲೆಂಡಿನವನು, ಮನೆ ಚಾವಣಿಗೆ ಹೆಂಚು ಹೊಡೆಯುವ ಕೆಲಸ, ಕುತ್ತಿಗೆ ಮತ್ತು ತಲೆ ಒಂದೇ ಅಗಲ. ಅವನ ಅಂಗಳದಲ್ಲಿ ಹಸಿರು ಬೋರ್ಡು: 'ಹಾಲೊರನ್, ಕೆಲಸ ಮಾಡುವ ಕೈ'. ನಮ್ಮ ಅಂಗಳದಲ್ಲಿ ಕಿತ್ತಳೆ ಬೋರ್ಡು, ಹಲ್ಲು ಕಿರಿದ ಫೋಟೋ ಸಮೇತ: 'ಬರಾಹಾಸ್, ನಿಮ್ಮ ಮನೆಮಗ'. ವಾರ್ಡಿನ ಕಾರ್ಪೊರೇಟರ್ ಚುನಾವಣೆ ಹತ್ತಿರದಲ್ಲಿತ್ತು. ಬರಾಹಾಸ್ ವೇದಿಕೆ ಹತ್ತಿ ಮೈಕಿನ ಹತ್ತಿರ ಬಂದು, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಡೈಲಾಗ್ ಬಿಡುತ್ತಿದ್ದ. ಆ ಒಂದು ಕ್ಷಣಕ್ಕೇ ನಾನು ಅವನಿಗೆ ಮಾರುಹೋಗಿದ್ದೆ. ಅವನ ಕಾರ್ಯಕ್ರಮವೇನು ಎಂದು ಕೇಳಬೇಡಿ. ನನಗೆ ಇವತ್ತಿಗೂ ಗೊತ್ತಿಲ್ಲ.

"ಏನ್ ಹೀರೋ," ಬೊಗ್ದಾನ್ ಆಚೆಯಿಂದ ಕೂಗಿದ, "ಸಲಿಕೆ ಯಾವ್ ಕಡೆಯಿಂದ ಹಿಡೀಬೇಕು ಅಂತ ಗೊತ್ತಾ?"

"ನಾನ್ ಬರೋವರ್ಗೂ ಇದು ಹಿಮ ಅಣ್ಣಾ. ನಾನ್ ಬಂದ್ಮೇಲೆ ಬರೀ ನೀರು."

"ಹಾಗಾದ್ರೆ ಡೈಲಾಗ್ ಹೊಡ್ದೇ ಕರಗ್ಸು, ನೋಡೋಣ. ಲೋ, ಸೊಂಟ ಬಗ್ಗಿಸ್ಬೇಡ, ಮಂಡಿ ಬಗ್ಗಿಸು!"

"ಬಗ್ಗೋದು ನಿಮ್ ಹಾಲೊರನ್ ಪಾರ್ಟಿಯವ್ರಿಗೆ ಅಭ್ಯಾಸ. ನಮಗಿಲ್ಲ."

"ನಿಮ್ ಬರಾಹಾಸ್‌ಗೆ ಸಲಿಕೆ ಕೊಟ್ರೆ ಅದ್ರ ಜೊತೆ ಸೆಲ್ಫಿ ತಗೋತಾನೆ, ಹೋಗೋ!"

ಇದು ನಮ್ಮ ದಿನನಿತ್ಯದ ಭಜನೆ. ಆದರೆ ಸಲಿಕೆ ಮಾತ್ರ ತಮಾಷೆ ಮಾಡಲಿಲ್ಲ. ಮೇಲೆ ಹತ್ತಿಯಂತಿದ್ದ ಹಿಮ ಒಂದು ಅಡಿ ಕೆಳಗೆ ಸಿಮೆಂಟಾಗಿತ್ತು. ಮೊದಲು ಅಂಗೈ ಉರಿಯಿತು, ಆಮೇಲೆ ಭುಜ, ಆಮೇಲೆ ನನಗಿದೆ ಎಂದೇ ಗೊತ್ತಿಲ್ಲದಿದ್ದ ಬೆನ್ನಿನ ಯಾವುದೋ ನರ. ಬೈದೆ. ಹಿಮವನ್ನು ಬೈದೆ, ಸತ್ತ ತಾತನನ್ನೂ ಬೈದೆ. ಬೈಗುಳ ಮುಗಿದುಹೋದ ಮೇಲೆ ಒಂದು ವಿಚಿತ್ರವಾಯಿತು. ತಲೆ ಖಾಲಿಯಾಯಿತು. ಸಲಿಕೆ ಹೋಗುತ್ತದೆ, ಬರುತ್ತದೆ, ಉಸಿರು ಹೊಗೆಯಾಗುತ್ತದೆ, ಅಷ್ಟೇ ಪ್ರಪಂಚ. ಕೊನೆಗೆ ಕಪ್ಪು ಡಾಂಬರು ಕಂಡಾಗ ನಿಧಿ ಸಿಕ್ಕವನಂತೆ ಅದನ್ನೇ ನೋಡುತ್ತ ನಿಂತೆ.

ಅಡುಗೆಮನೆಯಿಂದ ತಾತನ ಕುರ್ಚಿ ತಂದು ಆ ಜಾಗದ ನಡುವೆ ಇಟ್ಟು ಕೂತೆ. ಅಬು ಬಾಗಿಲಲ್ಲೇ ನಿಂತು ಬಿಸಿ ಅಟೋಲೆಯ ಲೋಟ ಚಾಚಿದಳು. ಜೋಳದ ಗಂಜಿ, ದಾಲ್ಚಿನ್ನಿ, ಬೆಲ್ಲ. ಮೈಯ ಒಂದೊಂದು ಮೂಳೆಯೂ ನೋಯುತ್ತಿತ್ತು, ಆದರೂ ನನಗೆ ಏನೂ ಬೇಡವಾಗಿತ್ತು. ನಿಜ ಹೇಳುತ್ತೇನೆ, ಡೈಲಾಗ್ ಅಲ್ಲ: ಏನೂ ಬೇಡ ಅನಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆಗ ಬರಾಹಾಸೇ ಬಂದು ಎದುರು ನಿಂತಿದ್ದರೂ "ಸ್ವಲ್ಪ ಪಕ್ಕಕ್ಕೆ ಸರೀರಿ, ಬಿಸಿಲು ಬೀಳ್ತಿಲ್ಲ" ಎನ್ನುತ್ತಿದ್ದೆ.

ಅಲ್ಲಿಗೆ ಸುಮ್ಮನಿರಬಹುದಿತ್ತು. ನಾನಾದರೋ ಸುಮ್ಮನಿರುವ ಜಾತಿಯವನಲ್ಲ. ಟೈರ್ ಅಂಗಡಿಯ ಕೆಲಸಕ್ಕೆ ಹೊರಡುವ ಮೊದಲು ಅಂಗಳದಲ್ಲಿದ್ದ ಕಿತ್ತಳೆ ಬೋರ್ಡು ಕಿತ್ತು ತಂತಿಯಿಂದ ಕುರ್ಚಿಯ ಬೆನ್ನಿಗೆ ಬಿಗಿದೆ. ಬರಾಹಾಸನ ಹಲ್ಲು ಬೊಗ್ದಾನನ ಬಾಗಿಲಿಗೆ ನೇರ ಕಾಣುವ ಹಾಗೆ ಕುರ್ಚಿ ತಿರುಗಿಸಿದೆ.

ಕಿಟಕಿಯಿಂದ ಅಬು ಕೇಳಿದಳು: "ಅದೇನೋ ಕಟ್ತಿದ್ದೀಯಾ ಕುರ್ಚಿಗೆ?"

"ಡೆಕೊರೇಷನ್, ಅಬು!"

ಮಧ್ಯಾಹ್ನ ಅಂಗಡಿಯ ಮುಂದೆ ನಮ್ಮ ಕಾರು ಒಂದು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಮಾರನೆಯ ದಿನ ಬೆಳಿಗ್ಗೆ ಅಬುಗೆ ಡಯಾಲಿಸಿಸ್. ಫೋನ್ ಮಾಡಿದೆ.

"ಅಬು, ಕಾರು ಹೋಯ್ತು. ತಲೆ ಕೆಡಿಸ್ಕೋಬೇಡ. ನಾಳೆ ನನ್ನ ಫ್ರೆಂಡ್ ಚುಯ್ ಅವನ ಕಾರ್ ತರ್ತಾನೆ."

"ಚುಯ್? ಅವ್ನು ತನ್ನ ಮದ್ವೆಗೇ ಲೇಟಾಗಿ ಬರೋ ಆಸಾಮಿ. ನೀನ್ ಮನೆಗ್ ಬಾ ಮಿಹೋ, ನನ್ ಮಗ್ನೇ, ಇಲ್ಲಿ ನಾನೇ..."

"ನಾನಿದ್ದೀನಲ್ಲ!" ಎಂದು ಇಟ್ಟುಬಿಟ್ಟೆ. ಹೀರೋಗಳು ಪೂರ್ತಿ ಮಾತು ಕೇಳುವುದಿಲ್ಲ. ಅದೇ ಅವರ ರೋಗ.

ಬಸ್ಸಿಳಿದು ಬೀದಿಗೆ ತಿರುಗಿದಾಗ ಸಂಜೆ ಕವಿಯುತ್ತಿತ್ತು. ದೂರದಿಂದಲೇ ಕಂಡಿತು. ನನ್ನ ಜಾಗದಲ್ಲಿ, ನಾನು ಬೆನ್ನು ಮುರಿದುಕೊಂಡು ಅಗೆದ ಜಾಗದಲ್ಲಿ, ಬೊಗ್ದಾನನ ಪಿಕಪ್ ಗಾಡಿ ಎಮ್ಮೆಯಂತೆ ಮಲಗಿತ್ತು. ಹಿಂಭಾಗಕ್ಕೆ ಹಸಿರು ಸ್ಟಿಕ್ಕರ್. ಕುರ್ಚಿ ಇಲ್ಲ. ಕಿತ್ತಳೆ ಬೋರ್ಡು ಎರಡು ತುಂಡಾಗಿ ಹಿಮದ ದಿಬ್ಬದಲ್ಲಿ ಚುಚ್ಚಿಕೊಂಡಿತ್ತು, ಬರಾಹಾಸನ ಮೇಲಿನ ಹಲ್ಲು ಒಂದು ಕಡೆ, ಕೆಳಗಿನ ಹಲ್ಲು ಇನ್ನೊಂದು ಕಡೆ.

ನನ್ನ ಕಣ್ಣಿಗೆ ಬೆಂಕಿ ಬಿತ್ತು. ಕುರ್ಚಿ ಎತ್ತಿ ಎಸೆಯುವುದೇ? ನಮ್ಮ ಏರಿಯಾದಲ್ಲಿ ಹೆಂಡತಿಯನ್ನು ಬಿಟ್ಟವನನ್ನು ಕ್ಷಮಿಸುತ್ತಾರೆ, ಡಿಬ್ಸ್ ಮುರಿದವನನ್ನು ಕ್ಷಮಿಸುವುದಿಲ್ಲ. ಅದೂ ಅಬು ನಡೆಯಲಾರಳು ಎಂದು ಗೊತ್ತಿದ್ದೂ! ನಾಳೆ ಚುಯ್ ಕಾರು ಎಲ್ಲಿ ನಿಲ್ಲಿಸುತ್ತಾನೆ? ಒಂದು ಬಣ್ಣದ ಬೋರ್ಡಿಗಾಗಿ ಒಬ್ಬ ಮುದುಕಿಯ ರಕ್ತದ ದಾರಿಗೆ ಅಡ್ಡ ಮಲಗುತ್ತಾರಾ ಈ ಹಸಿರಿನವರು? ಮಲಗುತ್ತಾರೆ, ಅವರು ಅಂಥವರೇ, ಎಲ್ಲರೂ ಅಂಥವರೇ ಎಂದು ನನಗೆ ನಾನೇ ಭಾಷಣ ಬಿಗಿದುಕೊಂಡೆ. ಕೇಳಲು ಒಬ್ಬನೇ ಇದ್ದದ್ದರಿಂದ ಭಾಷಣ ಚೆನ್ನಾಗಿಯೇ ಬಂತು.

ಡಿಬ್ಸ್ ಮುರಿದವನಿಗೆ ನಮ್ಮಲ್ಲಿ ಶಿಕ್ಷೆಯೂ ಗೊತ್ತಿದೆ. ನೀರು.

ಅಬು ನಮ್ಮ ಕಟ್ಟಡದ ಹಿಂಭಾಗದವರ ಮನೆಗೆ ಜಪಮಾಲೆ ಪ್ರಾರ್ಥನೆಗೆ ಹೋಗಿದ್ದಳು, ಹಾಡು ಕೇಳಿಸುತ್ತಿತ್ತು. ಬೊಗ್ದಾನನ ಮನೆಯಲ್ಲಿ ಪರದೆ ಎಳೆದು ಟೀವಿಯಲ್ಲಿ ಹಾಕಿ ಪಂದ್ಯ. ನಾನು ಮನೆಯೊಳಗೂ ಹೋಗಲಿಲ್ಲ. ಪಕ್ಕದ ಬಾಗಿಲಿನಿಂದ ನೇರ ನೆಲಮಾಳಿಗೆಗಿಳಿದು ನಲ್ಲಿ ಬಿಟ್ಟು ಬಕೆಟ್ ತುಂಬಿದೆ. ಮೆಟ್ಟಿಲು ಹತ್ತು, ಸುರಿ. ಇಳಿ, ತುಂಬು, ಹತ್ತು, ಸುರಿ. ಬಾಗಿಲ ಸಂದಿಗೆ, ಬೀಗದ ತೂತಿಗೆ, ಗಾಜಿಗೆ, ಚಕ್ರದ ಬುಡಕ್ಕೆ. ಸುರಿದದ್ದು ಸುರಿದಂತೆ ಗಾಜಿನ ಅಂಗಿಯಾಗಿ ಗಾಡಿಗೆ ಅಂಟಿಕೊಂಡಿತು. "ನಿನ್ನ ಪಾರ್ಟಿಗೆ ಐಸ್ ಇಟ್ಟೆ ನೋಡು!" ಎಂದು ಗಾಡಿಗೇ ಡೈಲಾಗ್ ಹೊಡೆದೆ.

ಈಗ ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಯಾವುದಕ್ಕೆ ಎಂದು ಹೇಳುತ್ತೇನೆ. ಅಂದು ಬೆಳಿಗ್ಗೆ ಸಲಿಕೆ ಹಿಡಿದಾಗ ಬಂದ ಅದೇ ಸುಖ ಬಕೆಟ್ ಹೊರುವಾಗಲೂ ಬಂತು. ಅದೇ ಭುಜದ ನೋವು, ಅದೇ ಖಾಲಿ ತಲೆ, ಅದೇ ಉಸಿರಿನ ಹೊಗೆ. ಮುಗಿಸಿದ ಮೇಲೆ ಅದೇ 'ಏನೂ ಬೇಡ'. ದುಡಿಮೆ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ತಾತ ಸಾಯುವವರೆಗೆ ಹೇಳಿದ. ಸುಳ್ಳು ತಾತಾ. ಮೈಗೆ ಏನೂ ಗೊತ್ತಾಗುವುದಿಲ್ಲ. ಅಜ್ಜಿಗೆ ದಾರಿ ಮಾಡಿದರೂ ಬೆವರುತ್ತದೆ, ಅವಳ ದಾರಿ ಮುಚ್ಚಿದರೂ ಅಷ್ಟೇ ತೃಪ್ತಿಯಿಂದ ಬೆವರುತ್ತದೆ. ದೀಪವನ್ನೂ ಹಾಕದೆ ಹೋಗಿ ಹಾಸಿಗೆಗೆ ಬಿದ್ದವನು, ಅಬು ಬರುವ ಮೊದಲೇ ಮಗುವಿನ ಹಾಗೆ ನಿದ್ದೆ ಹೋದೆ.

ಬೆಳಿಗ್ಗೆ ಎಬ್ಬಿಸಿದ್ದು ಬೊಗ್ದಾನನ ಬೊಬ್ಬೆ. ಅಡುಗೆಮನೆಗೆ ಓಡಿದೆ. ಅಬು ಕೋಟು ಹಾಕಿ, ತಲೆಗೆ ಶಾಲು ಕಟ್ಟಿ, ಡಯಾಲಿಸಿಸ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂತಿದ್ದದ್ದು ತಾತನ ಕುರ್ಚಿಯ ಮೇಲೆ.

"ಅಬು, ಈ ಕುರ್ಚಿ ಇಲ್ಲಿಗ್ ಹೇಗ್ ಬಂತು?"

"ನಡ್ಕೊಂಡ್ ಬಂತು! ನಾನ್ ತರ್ಸಿದೆ ಕಣೋ. ನಿನ್ ತಾತ ಜೀವಮಾನ ಪೂರ್ತಿ ಕೂತು ಉಂಡ ಕುರ್ಚಿ. ಅದ್ರ ಬೆನ್ನಿಗೆ ಯಾವನೋ ಹಲ್ಕಿರಿಯೋನ ಮುಖ ಕಟ್ಟಿದ್ದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

"ಮತ್ತೆ ಬೋರ್ಡು ಮುರಿದಿದ್ದು..."

"ನಾನೇ. ಮಂಡಿಗಿಟ್ಟು ಮುರ್ದೆ. ಮಂಡಿ ಇನ್ನೂ ನೋಯ್ತಿದೆ."

ಬಾಗಿಲಲ್ಲಿ ಬೊಗ್ದಾನ್ ಸುತ್ತಿಗೆ ಹಿಡಿದು ನಿಂತಿದ್ದ, ಮುಖ ಬೀಟ್‌ರೂಟಾಗಿತ್ತು.

"ಅಮ್ಮಾ, ಗಾಡಿ ಬಾಗ್ಲು ತೆಗೆಯೋಕಾಗ್ತಿಲ್ಲ. ಬಿಸಿನೀರ್ ಹಾಕ್ದೆ, ಅದೂ ಗಡ್ಡೆಯಾಯ್ತು. ಚಕ್ರ ನಾಲ್ಕೂ ನೆಲಕ್ಕೆ ಬೆಸುಗೆ ಹಾಕ್ದಂಗಿದೆ. ಯಾವ ಹಲ್ಕಟ್ ನನ್ಮಗ..." ಅಂದವನು ನನ್ನನ್ನು ನೋಡಿದ. ನನ್ನ ಮುಖ ನೋಡಿದ ಮೇಲೆ ಅವನಿಗೆ ಪ್ರಶ್ನೆ ಮುಗಿಸುವ ಅಗತ್ಯ ಬೀಳಲಿಲ್ಲ.

"ನೀನಾ?"

"ನೀವ್ಯಾಕ್ ನಮ್ ಜಾಗದಲ್ಲಿ ಗಾಡಿ ನಿಲ್ಸಿದ್ರಿ?"

"ನಿಮ್ಮಜ್ಜಿ ನಿಲ್ಸು ಅಂದ್ರು ಕಣೋ ಗೂಬೆ! ಕಾರ್ ಕೆಟ್ಟಿದೆ, ಬೆಳಿಗ್ಗೆ ಕರ್ಕೊಂಡ್ ಹೋಗು, ಬಾಗ್ಲ ಮುಂದೇ ಇರ್ಲಿ ಅಂದ್ರು!"

"ನಾನ್ ಫೋನಲ್ಲಿ ಅದೇ ಹೇಳೋಕ್ ಹೋದೆ," ಅಬು ನಿಧಾನವಾಗಿ ಹೇಳಿದಳು. "ಇವ್ನು ಇಟ್ಬಿಟ್ಟ."

"ಆ ಬೋರ್ಡ್ ನೋಡಿ ನಾನೇ ಗಾಡಿ ನುಗ್ಸಿ ನಿನ್ ಕುರ್ಚಿ ಪುಡಿ ಮಾಡ್ಬೇಕು ಅಂತಿದ್ದೆ, ಸುಳ್ ಹೇಳಲ್ಲ," ಬೊಗ್ದಾನ್ ಸುತ್ತಿಗೆಯಿಂದ ನನ್ನ ಎದೆ ತೋರಿಸಿದ. "ಕೀಲಿ ಕೈಲಿತ್ತು. ಅಷ್ಟ್ರಲ್ಲಿ ಅಮ್ಮ ಕರೆದ್ರು."

ಚುಯ್‌ಗೆ ಫೋನ್ ಮಾಡಿದೆ. ಅವನ ಕಾರು ಅವನ ಗಲ್ಲಿಯಲ್ಲೇ ಹೂತಿತ್ತು. ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡಿದೆ. ಗಲ್ಲಿಗಳ ಹಿಮ ಇನ್ನೂ ಬಾಚಿಲ್ಲ, ವ್ಯಾನ್ ಒಳಗೆ ಬರುವುದಿಲ್ಲ, ಆರ್ಚರ್ ರಸ್ತೆಗೆ ಕರೆತಂದರೆ ಹತ್ತಿಸಿಕೊಳ್ಳುತ್ತೇವೆ, ಆದರೆ ಕಾಯುವುದಿಲ್ಲ ಎಂದರು. ಅಬುವಿನ ಕಾಲು ನೋಡಿದೆ. ಬೂಟಿನ ಅಂಚು ಆಗಲೇ ಮಾಂಸದಲ್ಲಿ ಹೂತಿತ್ತು.

"ಕುರ್ಚಿ ಎತ್ತು," ಎಂದ ಬೊಗ್ದಾನ್.

ಅವನು ಹಿಂದೆ, ನಾನು ಮುಂದೆ. ಅಬು ನಡುವೆ ಮಹಾರಾಣಿಯಂತೆ, ಚೀಲ ಅಪ್ಪಿಕೊಂಡು. ಬೀದಿಯುದ್ದಕ್ಕೂ ನಾವಿಬ್ಬರೂ ಬೈದಾಡಿದೆವು.

"ಸಮ ಹಿಡಿಯೋ, ಅಮ್ಮ ವಾಲ್ತಿದ್ದಾರೆ!"

"ನೀವ್ ಎತ್ತರ ಇದ್ರೆ ನಾನೇನ್ ಮಾಡ್ಲಿ? ಸ್ವಲ್ಪ ಬಗ್ಗಿ. ಹಾಲೊರನ್ ಬಂದ ಅಂದ್ಕೊಳ್ಳಿ!"

"ಅಮ್ಮನ್ನ ಇಳ್ಸಿದ್ ಮೇಲೆ ನಿನ್ನ ಅದೇ ಗಾಡಿಗೆ ಅಂಟಿಸ್ತೀನಿ ನೋಡ್ತಿರು!"

"ಇಬ್ರೂ ಬಾಯ್ಮುಚ್ರೋ!" ಅಬು ಮೇಲಿನಿಂದ ಗುಡುಗಿದಳು. "ಹೆಣ ಹೊರೋರೂ ಇಷ್ಟ್ ಗಲಾಟೆ ಮಾಡಲ್ಲ."

ಮೊದಲ ಬ್ಲಾಕಿನ ಮೂಲೆಯಲ್ಲಿ ಬೇಕರಿ. ಅದರ ಮುಂದೆ ಹಸಿರು ಟೋಪಿಯವನೊಬ್ಬ, ಕಿತ್ತಳೆ ಟೋಪಿಯವಳೊಬ್ಬಳು, ಇಬ್ಬರೂ ಶನಿವಾರದ ಪ್ರಚಾರಕ್ಕೆ ಕರಪತ್ರ ಹಿಡಿದು ನಿಂತಿದ್ದರು. ನಮ್ಮನ್ನು ಕಂಡದ್ದೇ ಇಬ್ಬರ ಕಣ್ಣೂ ಹೊಳೆಯಿತು. ಇಬ್ಬರೂ ಓಡಿ ಬಂದರು. ಕೈ ಕೊಡಲು ಎಂದುಕೊಂಡೆ. ಫೋನ್ ತೆಗೆದರು.

"ಸರ್, ಸ್ವಲ್ಪ ಈ ಕಡೆ ನೋಡಿ!"

"ಅಜ್ಜಿ, ಒಂದ್ ಸ್ಮೈಲ್!"

"ಕುರ್ಚಿಗ್ ನಾಲ್ಕು ಕಾಲಿದೆ ಕಣ್ರೋ!" ನಾನು ಕಿರುಚಿದೆ. "ಎರಡು ಖಾಲಿ ಇದೆ, ಬಂದ್ ಹಿಡೀರಿ!"

ಹಸಿರು ಟೋಪಿಯವನು ಫೋನ್ ಅಡ್ಡ ತಿರುಗಿಸಿ ಇನ್ನೊಂದು ಹೊಡೆದ. ಅವಳು ಬಗ್ಗಿ, ಒಳ್ಳೆ ಕೋನ ಹುಡುಕಿ, ಇನ್ನೊಂದು. ಬೊಗ್ದಾನ್ ಪೋಲಿಷ್‌ನಲ್ಲಿ ಏನೋ ಹೇಳಿದ. ಅರ್ಥ ಗೊತ್ತಿಲ್ಲದಿದ್ದರೂ ಅವತ್ತಿಡೀ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ವ್ಯಾನ್ ಸಿಕ್ಕಿತು. ಆದರೆ ತಡವಾಗಿತ್ತು. ಬೇರೆಯವರ ಸರದಿ ಕಾದಿತ್ತೆಂದು ಅಬುವಿನ ರಕ್ತವನ್ನು ಅರ್ಧಂಬರ್ಧ ತೊಳೆದು ಕಳಿಸಿದರು. ಮುಂದಿನ ಸರದಿಯವರೆಗೆ ಅವಳು ಮಲಗಲಾಗದೆ ದಿಂಬಿಗೊರಗಿ ಕೂತೇ ಉಸಿರೆಳೆದಳು. ನಾನು ಕಾಲು ಒತ್ತಲು ಹೋದರೆ ಕಾಲು ಎಳೆದುಕೊಂಡಳು.

ಅದೇ ವಾರ ಎರಡೂ ಪಾರ್ಟಿಯ ಕರಪತ್ರ ಬಾಗಿಲಿಗೆ ಬಂತು. ಕಿತ್ತಳೆಯದರಲ್ಲಿ ಕುರ್ಚಿ, ಅಬು, ಮುಂದೆ ನಾನು. ಹಿಂದಿನಿಂದ ಕತ್ತರಿಸಿದ್ದಾರೆ, ಬೊಗ್ದಾನ್ ಇಲ್ಲವೇ ಇಲ್ಲ. 'ಮನೆಮಗ ಹೊರುತ್ತಾನೆ'. ಹಸಿರಿನದರಲ್ಲಿ ಕುರ್ಚಿ, ಅಬು, ಹಿಂದೆ ಬೊಗ್ದಾನ್. ನಾನಿಲ್ಲ. 'ಕೆಲಸ ಮಾಡುವ ಕೈ'. ಅಬುವನ್ನು ಕೇಳಿದವರು ಯಾರು? ಯಾರೂ ಇಲ್ಲ. ಅವಳು ಎರಡನ್ನೂ ಹಿಡಿದು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಒಲೆಯ ಪಕ್ಕದ ಕಸದ ಡಬ್ಬಿಗೆ ಹಾಕಿದಳು. ಆಮೇಲೆ, ಆ ಶನಿವಾರದಿಂದೀಚೆಗೆ ಮೊದಲ ಸಲ, ನನ್ನ ಜೊತೆ ಮಾತಾಡಿದಳು.

"ಗೆಳೆಯರ ಹತ್ರ ಎಲ್ಲಾ ಒಬ್ಬನೇ ಹೊತ್ತೆ ಅಂತ ಹೇಳ್ಕೊಂಡ್ ತಿರುಗ್ತಿದ್ದೀಯಂತೆ?"

"ಫೋಟೋದಲ್ಲಿ ಹಾಗೇ ಇದೆಯಲ್ಲ ಅಬು."

"ಫೋಟೋ ಆದ್ಮೇಲೆ ಏನಾಯ್ತು, ಅದನ್ನೂ ಹೇಳು ಮಿಹೋ."

ಸರಿ. ಹೇಳುತ್ತೇನೆ. ನಿಮಗೂ ಸುಳ್ಳು ಹೇಳಿ ಶುರು ಮಾಡಿದ್ದೇನೆ, ಹೇಗಿದ್ದರೂ ಅವಳು ಬಿಡುವುದಿಲ್ಲ.

ಬೇಕರಿ ದಾಟಿದ ಕೂಡಲೇ ನನ್ನ ಕೈ ಸೋತಿತು. ಬಕೆಟ್ ಹೊತ್ತು ಹೊತ್ತು ಬೆರಳಲ್ಲಿ ಹಿಡಿತವೇ ಉಳಿದಿರಲಿಲ್ಲ. ಕುರ್ಚಿಯ ಕಾಲು ಜಾರಿತು, ಅಬು ಮುಂದಕ್ಕೆ ಬಿದ್ದು ಹಿಮದ ದಿಬ್ಬದಲ್ಲಿ ಕೂತುಬಿಟ್ಟಳು. ಶಾಲು ಕಳಚಿತು. ಅವಳು ನನ್ನನ್ನು ಬೈಯಲೂ ಇಲ್ಲ, ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು. ನಾನು ಎತ್ತಲು ಬಗ್ಗಿದೆ. ಎತ್ತಲಾಗಲಿಲ್ಲ. ಮತ್ತೆ ಪ್ರಯತ್ನಿಸಿದೆ, ಆಗಲಿಲ್ಲ. ಬೊಗ್ದಾನ್ ನನ್ನನ್ನು ಪಕ್ಕಕ್ಕೆ ತಳ್ಳಿ, ಮಂಡಿಯೂರಿ, ಅವಳ ಕೈಗಳನ್ನು ತನ್ನ ಕುತ್ತಿಗೆಗೆ ಹಾಕಿಕೊಂಡು ಬೆನ್ನ ಮೇಲೆ ಹೊತ್ತು ಎದ್ದ. ಆರ್ಚರ್ ರಸ್ತೆಯವರೆಗೆ ಅವಳು ಹೋದದ್ದು ಅವನ ಬೆನ್ನ ಮೇಲೆ. ನಾನು ಹಿಂದೆ ಹಿಂದೆ ಖಾಲಿ ಕುರ್ಚಿ ಹಿಡಿದುಕೊಂಡು, ಮೂಗು ಸೋರಿಸಿಕೊಂಡು, ಅಷ್ಟಾದರೂ ಅವನ ಪಾರ್ಟಿಯನ್ನು ಬೈಯುತ್ತಲೇ ನಡೆದೆ.